ಒಂಟಿ ಬಸವನಹುಳು ಏನು ಮಾಡೀತು?

ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಏನೇ ನಡೆದರೂ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕೇಳದೆ ನಮಗೆ ಸಮಾಧಾನವಿಲ್ಲ. ಒಮ್ಮೆ ಮನೆಯಲ್ಲಿ ಹಾಲು ಉಕ್ಕಿದಾಗ, ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರಿದ್ದರು ಎಂದು ಕೇಳಿಬಿಟ್ಟೆ. "ಯಾರೂ ಇರಲಿಲ್ಲ, ಅದಕ್ಕ ಉಕ್ಕೇತಿ. ನಿಂತು ನೋಡ್ರಿ ಅಂತ ನಿಮಗ ಹೇಳಿ ಹೋಗಿದ್ನಲ್ಲ" ಎಂದಳು ಹೆಂಡತಿ ಗಿರಿಜಾ. ಅಂದಿನಿಂದ ಮನೆಯೊಳಗಿನ ಸುದ್ದಿಗಳ ತನಿಖೆಯನ್ನು ಕೈಬಿಟ್ಟಿದ್ದೆ. ಹೋದ ಶ್ರಾವಣದಲ್ಲಿ ಆ ನಿಯಮ ಮುರಿದೆ. ಮುರಿಯಬಾರದಿತ್ತು.

ಕೊಪ್ಪಳದಲ್ಲಿ ನಮ್ಮದು ಸಣ್ಣ ಮನೆ. ಮುಂದೆ ನಾಲ್ಕು ಹೆಜ್ಜೆಯ ಹಿತ್ತಲು, ಅಂದರೆ ಮುಂದಿರುವ ಹಿತ್ತಲು. ಅದರಲ್ಲಿ ಗಿರಿಜಾಳ ಮೆಂತೆಪಲ್ಲೆ, ರಾಜಗಿರಿ, ಒಂದು ಕರಿಬೇವಿನ ಗಿಡ. ಪಕ್ಕದಲ್ಲಿ ಎದೆಮಟ್ಟದ ಗೋಡೆ. ಗೋಡೆಯಾಚೆ ನೀಲವ್ವ. ಯಲಬುರ್ಗಾ ಕಡೆಯವರು, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ನನ್ನನ್ನು ಅವರು ಕರೆಯುವುದು "ಪೇಪರ್ ಅಣ್ಣಾರ" ಎಂದು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರಾದ ಅವರಿಗೆ ನಾನು ಹೇಗೆ ಅಣ್ಣನಾದೆ ಎಂದು ಕೇಳುವ ಧೈರ್ಯ ಈವರೆಗೆ ಬಂದಿಲ್ಲ. ಆ ಗೋಡೆಯ ಮೇಲೆ ದಿನವಿಡೀ ನಡೆಯುವ ಸಂಚಾರ ಗಂಗಾವತಿ ರಸ್ತೆಯಲ್ಲೂ ಇರಲಿಕ್ಕಿಲ್ಲ. ಇತ್ತಿಂದ ಬಿಸಿರೊಟ್ಟಿ ಹೋದರೆ ಅತ್ತಿಂದ ಮಜ್ಜಿಗೆ ಬರುತ್ತದೆ. ಪಂಚಮಿ ಬಂತೆಂದರೆ ನೀಲವ್ವ ಕಟ್ಟಿದ ಶೇಂಗಾ ಉಂಡಿ ಬರುತ್ತದೆ. ಈ ಕೊನೆಯ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ತಿಳಿಸುವುದು ಒಳ್ಳೆಯದು.

ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ, ಒಂದು ಮುಂಜಾನೆ ಗಿರಿಜಾ ಕೂಗಿದಳು. ಹೋಗಿ ನೋಡಿದರೆ ಮೆಂತೆಯ ಮಡಿ ಬೋಳು. ಹಸಿ ಮಣ್ಣಿನ ಮೇಲೆ, ಕರಿಬೇವಿನ ಬುಡದಲ್ಲಿ, ಗೋಡೆಯ ಮೇಲೆ, ಎಲ್ಲೆಲ್ಲೂ ಬಸವನಹುಳು. ನಾವು ಸಣ್ಣವರಿದ್ದಾಗ ಕಾಲುವೆ ದಂಡೆಯಲ್ಲಿ ಕಂಡ ಬಟಾಣಿ ಗಾತ್ರದವಲ್ಲ. ಮುಷ್ಟಿಗಾತ್ರದ, ಕಂದು ಪಟ್ಟೆಯ, ಆಫ್ರಿಕಾ ಮೂಲದ ದೈತ್ಯರು. ಗೋಡೆಯಾಚೆ ನೀಲವ್ವ ಹಬ್ಬಕ್ಕೆಂದು ಬಳಿಸಿದ್ದ ಹೊಸ ಸುಣ್ಣವನ್ನೂ ಬಿಟ್ಟಿರಲಿಲ್ಲ. ಸುಣ್ಣದ ಮೇಲೆ ಅಂಕುಡೊಂಕಾಗಿ ಕೆರೆದ ಗೆರೆಗಳಿದ್ದವು. ಚಿಪ್ಪು ಬೆಳೆಯಲು ಸುಣ್ಣ ಬೇಕಂತೆ. ಹುಳುವಿನ ನಾಲಿಗೆಯ ಮೇಲೆ ಸಾಲುಸಾಲಾಗಿ ಸಾವಿರಾರು ಹಲ್ಲುಗಳಿದ್ದು, ಅವುಗಳಿಂದ ಅರದಂತೆ ಉಜ್ಜಿ ತಿನ್ನುತ್ತದಂತೆ. ನಾಲಿಗೆಗೇ ಹಲ್ಲಿರುವ ಪ್ರಾಣಿಯನ್ನು ನಾನು ಪತ್ರಿಕಾಗೋಷ್ಠಿಗಳಲ್ಲಿ ನೋಡಿದ್ದೆನೇ ಹೊರತು ಹಿತ್ತಲಲ್ಲಿ ನೋಡಿರಲಿಲ್ಲ.

ಗಿರಿಜಾ ತೀರ್ಪಿಗೆ ತಡ ಮಾಡಲಿಲ್ಲ. ಎರಡು ವಾರದ ಹಿಂದೆ ನೀಲವ್ವ ಊರಿನಿಂದ ಒಂದು ಚೀಲ ಸಗಣಿ ಗೊಬ್ಬರವನ್ನು ಬಸ್ಸಿನ ಮೇಲೆ ಹಾಕಿಸಿ ತಂದಿದ್ದರು.

"ಅಕ್ಕಾರ, ನಿಮ್ಮ ಗೊಬ್ಬರದ ಚೀಲದಾಗ ಬಂದಾವ ಇವು!" ಓಣಿಗೆಲ್ಲ ಕೇಳುವ ದನಿ.

"ನನ್ನ ಗೊಬ್ಬರದಾಗ ಇದ್ದಿದ್ರ ನನ್ನ ಹಿತ್ತಲಾ ಮೊದಲ ಮೇಯಬೇಕಿತ್ತವ್ವಾ. ನಿನ್ನ ಮನಿ ಹುಳ ನನ್ನ ಸುಣ್ಣ ತಿಂದೈತಿ, ನಾ ಏನರ ಅಂದೇನೇನು?"

"ಅದಕ್ಕೇನು ಮನಿ ನಂಬರ್ ಬರದಾರೇನ್ರಿ?"

ಅಷ್ಟೇ. ಅಂದು ಮಧ್ಯಾಹ್ನ ಮಜ್ಜಿಗೆ ಬರಲಿಲ್ಲ. ಮರುದಿನ ನೀಲವ್ವ ಗೋಡೆಯ ಮೇಲೆ ಕೌದಿ ಒಣಗಲು ಹಾಕಿದರು. ಕೌದಿ ಮೂರು ದಿನ ಕಳೆದರೂ ಒಣಗಲಿಲ್ಲ. ನನ್ನ ಕಣ್ಣ ಮುಂದೆ ಶೇಂಗಾ ಉಂಡಿಗಳು ಒಂದೊಂದಾಗಿ ಉರುಳಿ ಹೋಗುತ್ತಿದ್ದವು. ಗಿರಿಜಾಳದ್ದು ಉಂಡಿಯ ದುಃಖವಲ್ಲ. ಹದಿನಾಲ್ಕು ವರ್ಷಗಳಿಂದ ದಿನಾ ಸಂಜೆ ಗೋಡೆಗೆ ಆತು ನಿಂತು ಮಾತಾಡುತ್ತಿದ್ದವಳು ಈಗ ಅಡಿಗೆಮನೆಯಲ್ಲಿ ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. ಪಾತ್ರೆಗಳು ಸಾಲದಾದಾಗ ನನ್ನ ಜೊತೆ. ಆದ್ದರಿಂದ ನಾನು ತನಿಖೆಗೆ ಇಳಿದೆ.

ಮೊದಲು ಹುಳುವಿನ ವಂಶವನ್ನು ಓದಿಕೊಂಡೆ. ಮೃದ್ವಂಗಿಗಳು, ಅಂದರೆ ಎಲುಬಿಲ್ಲದ ಮೆತ್ತನೆಯ ಮೈಯವು. ಓದುತ್ತ ಹೋದಂತೆ, ಇವು ನಮ್ಮ ಮನೆಗೆ ಹೊಸಬರೇ ಅಲ್ಲ ಎಂದು ತಿಳಿಯಿತು. ದೇವರ ಜಗಲಿಯ ಶಂಖ ಈ ಕುಲದ್ದೇ. ನಮ್ಮವ್ವ ಬಿಟ್ಟುಹೋದ ಡಬ್ಬಿಯಲ್ಲಿರುವ ಆಟದ ಕವಡೆಗಳೂ ಅದೇ. ಗಿರಿಜಾಳ ಮೂಗುತಿಯ ಮುತ್ತು ಇವುಗಳ ದಾಯಾದಿಯಾದ ಕಪ್ಪೆಚಿಪ್ಪಿನೊಳಗೆ ಬೆಳೆದದ್ದು. ಇದನ್ನು ಹೇಳಿದಾಗ ಅವಳು ಮೂಗು ಮುಟ್ಟಿಕೊಂಡು, "ಇದನ್ನ ಓಣ್ಯಾಗ ಹೇಳಬ್ಯಾಡ್ರಿ" ಎಂದಳು. ಸಮುದ್ರದ ಎಂಟು ಕೈಯ ಆಕ್ಟೋಪಸ್ ಕೂಡ ಇವುಗಳ ಬಳಗವೇ, ಅದಕ್ಕೆ ಮೂರು ಹೃದಯ, ನೀಲಿ ರಕ್ತ ಎಂದೆ. "ಮೂರಾ? ಕೆಲವರಿಗೆ ಒಂದ ಐತಿ, ಅದೂ ಸಂಜಿಕ ಆಫೀಸಿನ್ಯಾಗ ಬಿಟ್ಟು ಬರ್ತಾರ" ಎಂದಳು. ಅಧ್ಯಯನವನ್ನು ಅಲ್ಲಿಗೆ ನಿಲ್ಲಿಸಿದೆ.

ಹುಳುಗಳನ್ನು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ತೋಯಿಸಿದ ಗೋಣಿಚೀಲ ಹಾಸಿ, ಅದರಡಿ ಎಲೆಕೋಸಿನ ಸಿಪ್ಪೆ ಇಟ್ಟರೆ ಮುಂಜಾನೆಗೆ ಎಲ್ಲ ಅಲ್ಲಿ ಸೇರುತ್ತವೆ. ಸೇರಿದವು. ಬಕೆಟ್ ತುಂಬಿತು. ಉಪ್ಪುನೀರಿಗೆ ಹಾಕುವುದೊಂದೇ ಬಾಕಿ. ಆದರೆ ಅಂದು ಶ್ರಾವಣ ಸೋಮವಾರ. ಸೋಮವಾರ ಎಂದರೆ ನಮ್ಮ ಕಡೆ ಬಸವಣ್ಣನ ವಾರ, ಎತ್ತಿಗೂ ನೊಗ ಹಾಕುವುದಿಲ್ಲ. "ಕೋಡು ಬ್ಯಾರೆ ಅದಾವ, ಇವತ್ತೊಂದಿನ ಇರಲಿ" ಎಂದಳು ಗಿರಿಜಾ. ಬಕೆಟ್ಟಿಗೆ ತಟ್ಟೆ ಮುಚ್ಚಿ ಬಿಟ್ಟೆ. ಮಂಗಳವಾರ ನೋಡಿದರೆ ತಟ್ಟೆ ನೆಲದ ಮೇಲೆ, ಬಕೆಟ್ಟಿನಲ್ಲಿ ಎರಡು ಸೋಮಾರಿಗಳು ಮಾತ್ರ ಉಳಿದಿದ್ದವು. ನಿಧಾನಕ್ಕೆ ಹೆಸರಾದ ಪ್ರಾಣಿ ಎಂದು ನಾನು ಬರೆದ ವಾಕ್ಯಗಳನ್ನೆಲ್ಲ ಮನಸ್ಸಿನಲ್ಲೇ ವಾಪಸು ಪಡೆದೆ.

ಕೊನೆಗೆ ಪರಿಚಯದ ತೋಟಗಾರಿಕೆ ಅಧಿಕಾರಿಯೊಬ್ಬರಿಗೆ ಫೋನು ಮಾಡಿದೆ. ಯಲಬುರ್ಗಾದ ಗೊಬ್ಬರದಲ್ಲಿ ಬಂದಿರಬಹುದೇ ಎಂದು ಕೇಳಿದೆ.

"ಅಲ್ಲಿ ಒಣ ಎರಿನೆಲ ಐತ್ರಿ ಸರ. ಇದಕ್ಕ ತಂಪು ಬೇಕು, ನೆಳ್ಳು ಬೇಕು. ತೋಟದ ಕಡೆಯಿಂದ ಯಾರೋ ಒಂದು ಹುಳ ತಂದಿರಬೇಕು."

"ಒಂದೇ ಹುಳು ಏನು ಮಾಡೀತ್ರಿ? ಜೋಡಿ ಬೇಕಲ್ಲ?"

"ಅದರಾಗ ಗಂಡು ಹೆಣ್ಣು ಎರಡೂ ಒಂದ ಮೈಯಾಗ ಇರ್ತಾವ್ರಿ. ಎರಡು ಒಮ್ಮೆ ಕೂಡಿದ್ರ ಸಾಕು, ಆಮ್ಯಾಲೆ ಒಂಟಿಯಾಗಿದ್ರೂ ತಿಂಗಳಗಟ್ಟಲೆ ತತ್ತಿ ಇಡ್ತೈತಿ. ಮಣ್ಣು ಕೆದರಿ ನೋಡ್ರಿ, ಬಿಳಿಜೋಳ ಚೆಲ್ಲಿದಂಗ ಕಾಣ್ತಾವ."

ಫೋನು ಕೆಳಗಿಟ್ಟೆ. ಒಂದೇ ಹುಳು. ತೋಟದ ಕಡೆಯಿಂದ.

ಹಿಂದಿನ ವರ್ಷದ ಮಳೆಗಾಲದಲ್ಲಿ ಇರಕಲ್ಲಗಡದ ಕಡೆ ಒಂದು ಪಪ್ಪಾಯಿ ತೋಟಕ್ಕೆ ಹೋಗಿದ್ದೆ. ದೈತ್ಯ ಬಸವನಹುಳುವಿನ ಹಾವಳಿಯ ವರದಿ. ಗಾತ್ರ ಓದುಗರಿಗೆ ತಿಳಿಯಲಿ, ಕಡ್ಡಿಪೆಟ್ಟಿಗೆಯ ಪಕ್ಕ ಇಟ್ಟು ಕಚೇರಿಯಲ್ಲಿ ಫೋಟೊ ತೆಗೆಸೋಣ ಎಂದು ಒಂದು ಹುಳುವನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಫೋಟೊ ಆಯಿತು. ಹುಳುವನ್ನು ಸಾಯಿಸಬೇಕು. ಆದರೆ ಅಂದೂ ಸೋಮವಾರ! ನಾನು ಅಷ್ಟಾಗಿ ವಾರ ನೋಡುವವನಲ್ಲ. ಆದರೆ ಸೋಮವಾರ ಎತ್ತಿನ ಮೈ ತೊಳೆದು ಬೆಳೆದ ಕೈ, ಅದು ತನ್ನಷ್ಟಕ್ಕೆ ತಡೆಯಿತು. ಪಾಪ, ಒಂಟಿ ಹುಳು, ಏನು ಮಾಡೀತು ಎಂದು ಸಂಜೆ ಮನೆಗೆ ತಂದು ಕರಿಬೇವಿನ ಬುಡದಲ್ಲಿ ಬಿಟ್ಟೆ. ಡಬ್ಬಿಯನ್ನು ಮೂರು ಸಲ ತೊಳೆದೆ. ಆಮೇಲೆ ಮರೆತೆ. ಕೈಗವಸು ಹಾಕಿ ಹಿಡಿಯಬೇಕು, ಕಂಡಲ್ಲಿ ನಾಶಪಡಿಸಬೇಕು, ಬೇರೆಡೆ ಸಾಗಿಸಲೇಬಾರದು ಎಂಬ ತಜ್ಞರ ಎಚ್ಚರಿಕೆ ಮರುದಿನ ನನ್ನ ಹೆಸರಿನಲ್ಲೇ ಅಚ್ಚಾಗಿತ್ತು.

ಪಂಚಮಿಗೆ ಎರಡೇ ದಿನ. ಗಿರಿಜಾಳಿಗೆ ಹೇಳಿದೆ. ಡಬ್ಬಿಯ ಭಾಗವನ್ನು ಆದಷ್ಟು ಮೆಲ್ಲಗೆ ಹೇಳಿದೆ. ಅವಳು ಕಪಾಟಿನಿಂದ ಆ ಡಬ್ಬಿ ತೆಗೆದು ಹೊರಗಿಟ್ಟಳು. ಆಮೇಲೆ, "ನಡೀರಿ, ಅಕ್ಕಾರ ಮುಂದ ಹೇಳ್ರಿ" ಎಂದಳು.

"ಸಂಜೆ ಅವರ ಮನೆಗೆ ಹೋಗಿ, ಸಮಾಧಾನವಾಗಿ..."

"ಅದೆಲ್ಲ ಬ್ಯಾಡ. ನಿಮ್ಮ ಪೇಪರಿನ್ಯಾಗ ತಪ್ಪು ಮೊದಲನೇ ಪುಟಕ್ಕ, ತಿದ್ದುಪಡಿ ಇರಿವಿ ಅಕ್ಷರದಾಗ ಮೂಲಿಗೆ. ಇಲ್ಲಿ ಹಂಗ ನಡಿಯೂದಿಲ್ಲ. ನಾ ಅಂದದ್ದು ಓಣಿಗೆಲ್ಲ ಕೇಳೇತಿ. ನೀವು ಅನ್ನೂದೂ ಕೇಳಬೇಕು."

ಇಷ್ಟು ವರ್ಷಗಳ ವೃತ್ತಿಯಲ್ಲಿ ಇಷ್ಟು ಸ್ಪಷ್ಟವಾದ ಸಂಪಾದಕೀಯ ಸೂಚನೆ ನನಗೆ ಸಿಕ್ಕಿರಲಿಲ್ಲ. ಗೋಡೆಯ ಬಳಿ ಹೋಗಿ, ಕೌದಿಯ ಒಂದು ಮೂಲೆ ಸರಿಸಿ, ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಹೇಳಿದೆ: "ಅಕ್ಕಾರ, ಹುಳ ನಿಮ್ಮ ಗೊಬ್ಬರದಾಗ ಬಂದದ್ದಲ್ರಿ! ಹೋದ ವರ್ಷ ನಾನ ತೋಟದಿಂದ ತಂದು ಇಲ್ಲಿ ಬಿಟ್ಟಿದ್ದೆ! ತಪ್ಪಾತು!" ಎದುರು ಮನೆಯ ಕಿಟಕಿ ತೆರೆಯಿತು.

ಗಿರಿಜಾ ನನ್ನ ಬೆನ್ನ ಹಿಂದಿನಿಂದ, "ನಂದೂ ತಪ್ಪಾತ್ರಿ ಅಕ್ಕಾರ" ಎಂದಳು.

ನೀಲವ್ವ ಕೌದಿಯನ್ನು ಪೂರ್ತಿ ಎಳೆದು ಹೆಗಲಿಗೆ ಹಾಕಿಕೊಂಡರು. ನಗುತ್ತಿದ್ದರು. "ಅಯ್ಯ, ಅದು ಹುಳ ಏನ್ರಿ ಪೇಪರ್ ಅಣ್ಣಾರ? ಅವತ್ತ ಸಂಜಿಕ ನೀವು ಆ ಕಡೆ ಈ ಕಡೆ ನೋಡಿ, ಕರಿಬೇವಿನ ಬುಡಕ್ಕ ಡಬ್ಬಿ ಬರಿದು ಮಾಡೂದು ನಾ ಇಲ್ಲೇ ನಿಂತು ನೋಡೇನಿ. ಗಿರಿಜಾ ಕಟ್ಟಿದ ಹಾಗಲಕಾಯಿ ಪಲ್ಯ ಚೆಲ್ಲಾಕ ಹತ್ಯಾರ ಅಂತ ತಿಳ್ಕೊಂಡೆ. ಗಂಡ ಹೆಂಡ್ತಿ ನಡುವ ಯಾಕ ಹಚ್ಚಿಕೊಡ್ಲಿ ಅಂತ ಈ ಬಾಯಿ ಇಷ್ಟ ದಿನ ಮುಚ್ಚಿಕೊಂಡಿದ್ದೆ ನೋಡ್ರಿ."

ಅಂದರೆ ಪ್ರತ್ಯಕ್ಷ ಸಾಕ್ಷಿ ಗೋಡೆಯಾಚೆಯೇ ಇದ್ದರು. ಹುಳುವಿನ ವಂಶಾವಳಿ ಓದಿದೆ, ಅಧಿಕಾರಿಯ ಹೇಳಿಕೆ ಪಡೆದೆ; ಆರೋಪ ಹೊತ್ತವರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಅದು.

ಪಂಚಮಿಯ ಮುಂಜಾನೆ ಗೋಡೆಯ ಮೇಲೆ ಉಂಡಿಯ ತಟ್ಟೆ ಬಂತು. ಮೊದಲನೆಯದನ್ನು ಬಾಯಿಗಿಡುವಷ್ಟರಲ್ಲಿ ಗಿರಿಜಾ ತಟ್ಟೆಯನ್ನು ತನ್ನ ಕಡೆ ಸರಿಸಿಕೊಂಡು ಕೇಳಿದಳು: "ಅಲ್ರಿ, ಡಬ್ಬಿಯಾಗ ಹುಳ ಇತ್ತು ಅಂದ್ರ, ಅವತ್ತು ನಾ ಕಟ್ಟಿದ ಪಲ್ಯ ಎಲ್ಲಿ ಹೋತು? ಯಾರು ತಿಂದ್ರು?"

ತೋಟದ ಎಮ್ಮೆಗೆ ಹಾಕಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಎಮ್ಮೆ ಅದನ್ನು ಒಮ್ಮೆ ಮೂಸಿ ಮುಖ ತಿರುಗಿಸಿತು ಎಂಬ ವಿವರವನ್ನು ಮಾತ್ರ ಸ್ಥಳಾಭಾವದಿಂದ ಕೈಬಿಟ್ಟೆ.