ಕೆನೆಸನ ಸೈಕಲ್ಲು, ಬಾಲ್ಜಾನಳ ಈರುಳ್ಳಿ ಚೀಲ

ಹೆಂಡತಿ ತನ್ನ ಸೈಕಲ್ಲನ್ನು 'ನನ್ನ ಸವತಿ' ಎನ್ನುತ್ತಾಳಲ್ಲ ಎಂಬುದೊಂದೇ ಕೆನೆಸನಿಗಿದ್ದ ಕೊರಗು. ಸವತಿಯಾದರೂ ಎಂಥವಳು! ಕಾರ್ಬನ್ ಫೈಬರಿನ ಕಪ್ಪು ಮೈ, ಒಂದೇ ಬೆರಳಲ್ಲಿ ಎತ್ತಬಹುದು. (ಎತ್ತಿ ತೋರಿಸದೆ ಅವನು ಯಾವ ಅತಿಥಿಗೂ ಚಹಾ ಕೊಟ್ಟದ್ದಿಲ್ಲ.) ಅಲ್ಮಾಟಿಯಲ್ಲಿ ನಮ್ಮ ಮನೆಗಳಿರುವುದು ಬೆಟ್ಟದ ಕಡೆ, ಕಚೇರಿಗಳೆಲ್ಲ ಕೆಳಗೆ. ಬೆಳಿಗ್ಗೆ ಹತ್ತಿ ಕೂತರೆ ಸಾಕು, ಪೆಡಲು ತುಳಿಯುವ ಗೊಡವೆಯಿಲ್ಲದೆ ಕಚೇರಿಯ ಬಾಗಿಲು. ಸಂಜೆ ಬರೀ ಏರು. ಆದರೂ ಕಾರು, ಬಸ್ಸುಗಳು ಹೊಗೆಯುಗುಳುತ್ತಾ ನಿಂತಿರುವಾಗ ಆ ಸೈಕಲ್ಲು ನಡುವೆ ನುಸುಳಿ ಮೇಲೇರುವ ಚೆಂದವನ್ನು ನೆರೆಯವರಾದ ನಾವೆಲ್ಲ ಕಿಟಕಿಯಿಂದ ನೋಡಿದ್ದೇವೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಪಟ್ಟಿದ್ದೇವೆ.

ಆ ಹಗುರತನ ಅವನ ತಲೆಗೇರಿತ್ತು. ತಾಯಿ ಕುಲ್ಪಾಶ್, ಹೊಸ ಕುದುರೆಗೆ ಕಟ್ಟುವಂತೆ, ದೃಷ್ಟಿ ತಾಗದಿರಲೆಂದು ಹಿಡಿಕೆಗೆ ಗೂಬೆಯ ಗರಿ ಕಟ್ಟಿದರೆ ಅದರ ಭಾರದ ಚಿಂತೆ ಹಚ್ಚಿಕೊಂಡ. ಬಿಚ್ಚುವ ಧೈರ್ಯವಿಲ್ಲದೆ, ಸರಿದೂಗಿಸಲೆಂದು ಮೀಸೆ ಬೋಳಿಸಿಕೊಂಡ. ಹೆಂಡತಿ ಬಾಲ್ಜಾನ್ ಕೆಳಗಿನ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ. ದಿನವೂ ಬಜಾರಿನ ಚೀಲ ಹಿಡಿದು ಬಸ್ಸಿನಲ್ಲಿ ನೇತಾಡಿಕೊಂಡು ಬರುವವಳು. ಒಂದು ದಿನ ಈರುಳ್ಳಿಯನ್ನಾದರೂ ಸೈಕಲ್ಲಿನಲ್ಲಿ ತನ್ನಿ ಎಂದಳು.

"ಈರುಳ್ಳಿ ಹೇರೋಕೆ ಇದೇನು ಕತ್ತೇನಾ? ಇದರ ನಡಿಗೆ ಕೆಟ್ಟುಹೋಗುತ್ತೆ ಕಣೇ."

"ನಿಮ್ಮ ಹೊಟ್ಟೆ ಹೊತ್ತರೆ ಕೆಡಲ್ವಾ ನಡಿಗೆ?"

ಕೆನೆಸ್ ಹೊಟ್ಟೆಯನ್ನು ಒಳಗೆಳೆದುಕೊಂಡನೇ ಹೊರತು ಈರುಳ್ಳಿ ತರಲಿಲ್ಲ.

ಹೀಗಿರಲು ಒಂದು ಭಾನುವಾರ ಬಂಧುಗಳೆಲ್ಲ ಊಟಕ್ಕೆ ಬಂದರು. ಅವರಲ್ಲಿ ಕೆನೆಸನ ಅಕ್ಕನ ಮಗ, ಮದುವೆ ವಯಸ್ಸಿನ ಮಾದಿಯಾರನೂ ಇದ್ದ. ನಮ್ಮಲ್ಲಿ ಸೋದರಮಾವನ ಮನೆಯಲ್ಲಿ ಅಳಿಯ ಏನು ಬೇಕಾದರೂ ಕೇಳಬಹುದು. ಇಲ್ಲವೆಂದ ಮಾವನ ಕೈ ನಡುಗುತ್ತದೆಂಬ ನಂಬಿಕೆ. ಇದು ಗೊತ್ತಿದ್ದವನು ಸೈಕಲ್ಲನ್ನು ಮಂಚದಡಿ ತಳ್ಳಬೇಕಿತ್ತು. ಕೆನೆಸ್ ನಡುಮನೆಗೆ ತಂದು, ಬೆರಳಲ್ಲಿ ಎತ್ತಿ, ನೀನೂ ಎತ್ತಿ ನೋಡೋ ಎಂದ.

ಮಾದಿಯಾರ್ ಎತ್ತಿದವನು ಕೆಳಗಿಡಲಿಲ್ಲ. "ಮಾವ, ಇದು ನನಗೆ ಬೇಕು."

ಕುಲ್ಪಾಶ್ ಮಾಂಸದ ತಟ್ಟೆಯಿಂದ ತಲೆಯೆತ್ತಿ, ಮೊಮ್ಮಗ ಬಾಯಿಬಿಟ್ಟು ಕೇಳಿದ್ದಾನೆ ಎಂದಳು. ಕೆನೆಸ್ ಹೆಂಡತಿಯ ಕಡೆ ನೋಡಿದ. ಅವಳು ತನಗೇನೂ ಸಂಬಂಧವಿಲ್ಲವೆಂಬಂತೆ ಚಹಾ ಬಗ್ಗಿಸುತ್ತಿದ್ದಳು. ಆಗಲೇ ಅವನಿಗೆ ಆ ಜ್ಞಾನೋದಯವಾದದ್ದು: ಅಳಿಯನ ಹಕ್ಕು ಮಾವನ ವಸ್ತುವಿನ ಮೇಲೆ, ಅತ್ತೆಯದರ ಮೇಲಲ್ಲ.

"ಕೊಡ್ತಿದ್ದೆ ಕಣೋ, ನನ್ನದಾಗಿದ್ರೆ. ಮಾರ್ಚ್ ಎಂಟರ ಹೆಂಗಸರ ಹಬ್ಬಕ್ಕೆ ನಿಮ್ಮತ್ತೆಗೆ ಉಡುಗೊರೆ ಕೊಟ್ಟುಬಿಟ್ಟೆನಲ್ಲ."

(ಆ ಹಬ್ಬಕ್ಕೆ ಅವನು ಕೊಟ್ಟದ್ದು ಬಾಡಿದ ಟುಲಿಪ್ ಹೂ.)

ಮಾದಿಯಾರ್ ನಿಟ್ಟುಸಿರಿಟ್ಟು ಸೈಕಲ್ಲು ಕೆಳಗಿಟ್ಟ. ಕೆನೆಸನಿಗೆ ಹೋದ ಜೀವ ಬಂತು. ಬಾಲ್ಜಾನ್ ಚಹಾದ ಕೆಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ಹೌದು, ನನ್ನದೇ. ನಾಳೆಯಿಂದ ಶಾಲೆಗೆ ಅದರಲ್ಲೇ ಹೋಗೋಣ ಅಂತಿದ್ದೀನಿ. ಅತ್ತೆ, ನೀವೊಂದು ಹರಸಿಬಿಡಿ."

ಕುಲ್ಪಾಶ್ ಅಂಗೈ ಬಿಚ್ಚಿ ಮೇಲೆತ್ತಿದಳು. ಊಟದ ಹಾಸಿನ ಸುತ್ತ ಕೂತವರೆಲ್ಲ ಎತ್ತಿದರು. ಸೊಸೆಯ ದಾರಿ ಸುಗಮವಾಗಲಿ, ಗಾಲಿ ಎಡವದಿರಲಿ ಎಂದು ಹರಸಿದ್ದಾಯಿತು, ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡದ್ದಾಯಿತು. ಹಾಗೆ ಹರಸಿದ ಮೇಲೆ ಮಾತು ಹಿಂದಕ್ಕಿಲ್ಲ. ಕೆನೆಸನೂ ಕೈಯೆತ್ತಿದ್ದ. ಅಳಿಯನಿಗೆ ಇಲ್ಲವೆಂದ ಆ ಕೈಗಳು ಸಣ್ಣಗೆ ನಡುಗುತ್ತಿದ್ದವು.

ಮರುದಿನ ಬೆಳಿಗ್ಗೆ ಸೀಟು ತಗ್ಗಿಸಿಕೊಂಡು ಬಾಲ್ಜಾನ್ ಹೊರಟಳು. ಹುಲ್ಲುಗಾವಲಿನಲ್ಲಿ ಜೀನಿಲ್ಲದ ಕುದುರೆಯೇರಿ ಬೆಳೆದವಳು. ಗೂಬೆಯ ಗರಿ ಹಾರಿಸುತ್ತಾ, ಬೆನ್ನು ಬಾಗಿಸಿ, ಇಳಿಜಾರಿನಲ್ಲಿ ಅವಳು ಜಾರಿಹೋದ ಪರಿಗೆ ನಾವು ಕಿಟಕಿಯಲ್ಲೇ ನಿಂತುಬಿಟ್ಟೆವು. ಬಸ್ ನಿಲ್ದಾಣದಲ್ಲಿದ್ದ ಕೆನೆಸನೂ ಬಾಯಿ ತೆರೆದು ನೋಡಿದ. ಸೈಕಲ್ಲು ಇಷ್ಟು ಚೆಂದ ಓಡುತ್ತದೆಂದು ಅದರ ಮೇಲೆ ಕೂತಷ್ಟು ದಿನ ಅವನಿಗೇ ಗೊತ್ತಿರಲಿಲ್ಲ.

ಸಂಜೆ ಅವನ ಬಸ್ಸು ಏರಿನಲ್ಲಿ ಸಿಕ್ಕಿಕೊಂಡಿತ್ತು. ಕಿಟಕಿಯ ಪಕ್ಕ ಕಿಣಿಕಿಣಿ ಎಂದಿತು. ನೋಡಿದರೆ ಬಾಲ್ಜಾನ್, ಒಂದು ಕಾಲೂರಿ ನಿಂತು, ಕಿಟಕಿಯೊಳಗೆ ಈರುಳ್ಳಿ ಚೀಲ ತೂರಿಸುತ್ತಿದ್ದಾಳೆ.

"ಸ್ವಲ್ಪ ಹಿಡ್ಕೊಳ್ರೀ. ಇದರ ನಡಿಗೆ ಕೆಟ್ಟುಹೋಗುತ್ತೆ."

ಕೆನೆಸ್ ಹಿಡಿದುಕೊಂಡ. ಅವಳು ಮನೆ ಸೇರಿ ಚಹಾಕ್ಕೆ ನೀರಿಟ್ಟಾಗಲೂ ಬಸ್ಸು ಅಲ್ಲೇ ನಿಂತಿತ್ತು.