ಮೊಮ್ಮಗಳ ಗಂಟಲಿನ ಗುಟ್ಟು

ಫೆಬ್ರವರಿ ಹನ್ನೊಂದು, ಬುಧವಾರ. ಹೊರಟೆ ಹೊರಟೆ ಎನ್ನುತ್ತ ಚಳಿಗಾಲ ಇನ್ನೂ ಹೊಸಿಲಲ್ಲೇ ನಿಂತಿದ್ದ ಸಮಯ. ಬೆಳಗ್ಗೆ ಮಂಜು, ಮಂಜು ಕರಗುವಷ್ಟರಲ್ಲಿ ನೆತ್ತಿ ಸುಡುವ ಬಿಸಿಲು. (ತಾರೀಕು ಹೇಳದೆ ‘ಮೊನ್ನೆ ಒಂದಿನ’ ಎಂದು ಬರೆಯುವವರನ್ನು ನಮ್ಮ ಹೆಡ್‌ಮೇಷ್ಟ್ರು ಸೇವೆಯಲ್ಲಿದ್ದಾಗ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.) ಆ ದಿನ, ಜೀವಮಾನವಿಡೀ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಿದ್ದ ಆ ನಿವೃತ್ತ ಹೆಡ್‌ಮೇಷ್ಟ್ರನ್ನೇ ಒಬ್ಬ ಡಾಕ್ಟರಮ್ಮ ಕೋಣೆಯಿಂದ ಹೊರಗೆ ಕಳಿಸಿಬಿಟ್ಟರು!

ಹೋದದ್ದು ಮೊಮ್ಮಗಳ ಗಂಟಲು ತೋರಿಸಲು. ಹದಿನೈದರ ಹುಡುಗಿ, ಮನೆಯಲ್ಲಿ ಎಲ್ಲರೂ ಕರೆಯುವುದು ಚೂಟಿ ಎಂದು. ಇಪ್ಪತ್ತೊಂದನೇ ತಾರೀಕು ಶನಿವಾರ ಅಂತರಶಾಲಾ ಚರ್ಚಾಸ್ಪರ್ಧೆ. ಶಾಲೆಯ ಮಾನವೆಲ್ಲ ಅವಳ ನಾಲಿಗೆಯ ಮೇಲಿತ್ತು. ತರಬೇತಿಯ ಹೊಣೆ ಸಹಜವಾಗಿಯೇ ತಾತನದು. ಅವಳನ್ನು ವರಾಂಡದ ಆ ತುದಿಯಲ್ಲಿ ನಿಲ್ಲಿಸಿ, ತಾವು ಹಿಂಬದಿಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, “ಕೇಳಿಸ್ತಿಲ್ಲ! ಕೊನೇ ಬೆಂಚಿಗೆ ಮುಟ್ಟಬೇಕು!” ಎಂದು ಗುಡುಗುತ್ತಿದ್ದರು.

“ರೀ, ಮಗು ಕಿರುಚ್ತಿರೋದು ಎದುರುಮನೆಗೆ ಕೇಳ್ತಿದೆ,” ಎಂದಿದ್ದರು ಅವರ ಹೆಂಡತಿ.

“ಎದುರುಮನೆಯವರು ತೀರ್ಪುಗಾರರೇನೇ? ನನಗೆ ಕೇಳಬೇಕು!”

“ನಿಮಗೆ ಕೇಳೋ ಹಾಗೆ ಹೇಳ್ತಾ ಹೋದ್ರೆ ಅವಳಿಗಷ್ಟೇ ಅಲ್ಲ, ನನಗೂ ಗಂಟಲು ಇರಲ್ಲ.”

ಮೇಷ್ಟ್ರು ಇದನ್ನು ಹೆಂಗಸರ ಅತಿಶಯೋಕ್ತಿ ಎಂದು ತಳ್ಳಿಹಾಕಿದರು. ಸೋಮವಾರದ ಹೊತ್ತಿಗೆ ಚೂಟಿಯ ವಾಗ್ಝರಿ ಬತ್ತಿ, ತುಕ್ಕು ಹಿಡಿದ ಗೇಟಿನ ಸದ್ದು ಮಾತ್ರ ಉಳಿದಿತ್ತು.

ಡಾಕ್ಟರಮ್ಮ ಗಂಟಲಿಗೆ ದೀಪ ಬಿಟ್ಟು ನೋಡಿದರು. ಆಮೇಲೆ, “ಸಾರ್, ನೀವು ಸ್ವಲ್ಪ ಹೊರಗಿರಿ. ಅವಳೊಬ್ಬಳ ಹತ್ರಾನೇ ಮಾತಾಡಬೇಕು,” ಎಂದರು.

“ನಾನು ಅವಳ ತಾತ!”

“ಅದಕ್ಕೇ. ಈ ವಯಸ್ಸಿನ ಮಕ್ಕಳು ನಂಬಿ ಹೇಳಿದ್ದನ್ನ, ಅವರಿಗೆ ಅಪಾಯ ಇಲ್ಲ ಅಂದ್ರೆ, ಅವರು ಒಪ್ಪದೆ ನಾನು ಯಾರಿಗೂ ಹೇಳಲ್ಲ. ನಿಯಮ ಅದು.”

ಹೊರಗೆ ಬಂದ ಮೇಷ್ಟ್ರ ಮೈ ಕುದಿಯುತ್ತಿತ್ತು. ತಾವು ಎತ್ತಿ ಆಡಿಸಿದ ಕೂಸು! ಅಂಗೈ ಹಿಡಿದು ಅಕ್ಷರ ತಿದ್ದಿಸಿದ ಕೂಸು! ಅದರ ಗಂಟಲಿನಲ್ಲಿ ತಮಗೆ ಪ್ರವೇಶವಿಲ್ಲದ ಗುಟ್ಟೇ? ಅಂಥ ನಿಯಮವಿದ್ದರೆ ಅದನ್ನು ಅಕ್ಷರಶಃ ತಿಳಿಯಬೇಕೆಂದು ಅವರು ಚೀಟಿ ಕೊಡುವಾಕೆಯ ಬಳಿ ಹೋದರು.

“ಚಿಕ್ಕವರದ್ದು ಎಲ್ಲಾ ಮನೆಯವರಿಗೆ ಹೇಳಬಹುದು ಸಾರ್,” ಎಂದಳಾಕೆ. “ಆದ್ರೆ ನನಗೆ ಏನೂ ಗೊತ್ತಿಲ್ಲ.”

ಔಷಧಿ ಕೊಡುವ ಕಾಂಪೌಂಡರು ಕಟ್ಟಾ ನಿಯಮನಿಷ್ಠ. “ಏನೂ ಹೇಳೋ ಹಾಗಿಲ್ಲ. ಆ ಹುಡುಗಿ ಒಳಗಿದಾಳೋ ಇಲ್ವೋ ಅನ್ನೋದನ್ನೂ ಹೇಳೋ ಹಾಗಿಲ್ಲ.”

“ನಾನೇ ಕಣಯ್ಯಾ ಕರ್ಕೊಂಡು ಬಂದದ್ದು!”

“ಅದನ್ನೂ ನಾನು ಹೌದು ಅನ್ನೋ ಹಾಗಿಲ್ಲ.”

ಒಂದೇ ಸೂರಿನಡಿ ಒಂದೇ ನಿಯಮಕ್ಕೆ ಇಷ್ಟು ಭಾಷ್ಯಗಳೇ ಎಂದು ಮೇಷ್ಟ್ರು ಇನ್ನಷ್ಟು ಕೆರಳಿದರು. ಅಷ್ಟರಲ್ಲಿ ಒಳಗಿದ್ದ ನರ್ಸಮ್ಮ ಹತ್ತಿ ತರಲು ಹೊರಗೆ ಬಂದರು. ಮೇಷ್ಟ್ರು ಅಡ್ಡ ನಿಂತರು.

“ಏನಮ್ಮಾ, ಏನಂದಳು ನಮ್ಮ ಹುಡುಗಿ? ಹೇಳದಿದ್ರೆ ನಾನು ಇಲ್ಲಿಂದ ಕದಲೋದಿಲ್ಲ!”

ನರ್ಸಮ್ಮ ಕರುಣಾಮಯಿ. ಅವರ ಪ್ರಕಾರ ಗುಟ್ಟು ಎಂದರೆ ಜೋರಾಗಿ ಹೇಳಬಾರದ್ದು, ಅಷ್ಟೆ. ಮೆಲ್ಲಗೆ ಹೇಳಿದರೆ ನಿಯಮಕ್ಕೆ ಧಕ್ಕೆಯಿಲ್ಲ. ಆಚೀಚೆ ನೋಡಿ ಬಾಗಿ ಪಿಸುಗುಟ್ಟಿದರು.

“ಏನು?” ಎಂದರು ಮೇಷ್ಟ್ರು.

ನರ್ಸಮ್ಮ ದನಿಯನ್ನು ಕೊಂಚ ಏರಿಸಿದರು.

“ಏನಂದ್ರಿ?”

ಮತ್ತಷ್ಟು ಏರಿಸಿದರು.

“ಈಗಿನವರಿಗೆ ಉಚ್ಚಾರವೇ ಇಲ್ಲ! ಬಾಯಿ ಬಿಟ್ಟು ಹೇಳಮ್ಮಾ!”

ನರ್ಸಮ್ಮ ಬಾಯಿ ಬಿಟ್ಟರು.

“ನಿಮಗೆ ಕಿವಿ ಕೇಳಲ್ವಂತೆ! ನಿಮಗೆ ಕೇಳ್ಸೋಕೆ ಕಿರುಚಿ ಕಿರುಚಿ ಅವಳ ಗಂಟಲು ಹೋಯ್ತಂತೆ! ತಾತಂಗೆ ಹೇಳಬೇಡಿ, ನೊಂದ್ಕೋತಾರೆ ಅಂತ ಡಾಕ್ಟರಿಗೆ ಕೈ ಮುಗಿದಳು ಸಾರ್!”

ಸರದಿಗೆ ಕಾದು ಕೂತು ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ ಅಜ್ಜಿಯೊಬ್ಬರು, “ನಮ್ಮನೆಯವರೂ ಹೀಗೇ ಕಣಮ್ಮ, ಒಪ್ಕೊಳ್ಳೋದೇ ಇಲ್ಲ,” ಎಂದು ಪಕ್ಕದವರಿಗೆ ಹೇಳಿದರು. “ನಾನಂತೂ ಏನೂ ಕೇಳಿಸ್ಕೊಂಡಿಲ್ಲ,” ಎಂದು ಕಾಂಪೌಂಡರು ಕಪಾಟಿನ ಕಡೆ ತಿರುಗಿದರು.

ಬಾಗಿಲು ತೆರೆಯಿತು. ಚೂಟಿಯ ಕಣ್ಣು ತುಂಬಿತ್ತು. “ಹೇಳಲ್ಲ ಅಂದಿದ್ರಿ ಡಾಕ್ಟರ್...” ಎಂದಿತು ಆ ತುಕ್ಕಿನ ದನಿ.

“ತಪ್ಪು ನಮ್ಮದೇ ಕಣಮ್ಮಾ,” ಎಂದ ಡಾಕ್ಟರಮ್ಮ ನರ್ಸಮ್ಮನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಆದರೆ ಮೇಷ್ಟ್ರ ಸಿಟ್ಟಿನ ಮುಂದೆ ಅದು ಏನೇನೂ ಅಲ್ಲ. ಅವರ ಕೋಲು ನೆಲಕ್ಕೆ ಬಡಿಯಿತು.

“ಇದೇನು ಆಸ್ಪತ್ರೆಯೋ, ಸಂತೆಯೋ? ನನ್ನ ಕಿವಿ ವಿಷಯ ಇಷ್ಟು ಜನರ ಮುಂದೆ ಕೂಗಿ ಹೇಳೋದೇ? ಒಬ್ಬ ಮನುಷ್ಯನ ಗುಟ್ಟು ಅನ್ನೋದಕ್ಕೆ ಇಲ್ಲಿ ಏನಾದ್ರೂ ನಿಯಮ ಇದೆಯೋ ಇಲ್ಲವೋ?”

“ಇದೆ ಸಾರ್,” ಎಂದರು ಡಾಕ್ಟರಮ್ಮ, ಅವರಿಗೆ ಸ್ಪಷ್ಟವಾಗಿ ಕೇಳುವಂತೆ. “ಅದಕ್ಕೇ ನಿಮ್ಮನ್ನ ಹೊರಗೆ ಕಳಿಸಿದ್ದು.”

ಮೇಷ್ಟ್ರಿಗೆ ಅದು ಮೊದಲ ಸಲಕ್ಕೇ ಕೇಳಿಸಿತು.

ಮುಂದೆ ನಡೆದದ್ದು ಇಷ್ಟು. ಫೆಬ್ರವರಿ ಹದಿನಾರು, ಸೋಮವಾರ, ಮೇಷ್ಟ್ರ ಬಲಗಿವಿಗೆ ಶ್ರವಣಯಂತ್ರ ಬಂತು, ಅಂದು ಸಂಜೆಯೇ ಅವರು ಹೆಂಡತಿಗೆ, “ಅಷ್ಟು ಜೋರಾಗಿ ಯಾಕೆ ಮಾತಾಡ್ತೀಯೇ?” ಎಂದರು. ಇಪ್ಪತ್ತೊಂದು, ಶನಿವಾರ, ಚೂಟಿ ಮೆಲುದನಿಯಲ್ಲೇ ವಾದಿಸಿ ಎರಡನೇ ಬಹುಮಾನ ಪಡೆದಳು. ಆಸ್ಪತ್ರೆಯವರೆಲ್ಲರಿಗೂ ಡಾಕ್ಟರಮ್ಮ ಆ ನಿಯಮವನ್ನು ಹೊಸದಾಗಿ ಪಾಠ ಮಾಡಿದರು. ಮಾರ್ಚ್ ನಾಲ್ಕು, ಬುಧವಾರ, ಬಿಸಿಲು ಬಲಿತಿತ್ತು. ಚೂಟಿಯ ಮರುತಪಾಸಣೆ. ಮೇಷ್ಟ್ರು ಯಾರೂ ಹೇಳದೆಯೇ ಹೊರಗಿನ ಬೆಂಚಿನಲ್ಲಿ ಕೂತರು. ಬಾಗಿಲಿನಾಚೆಯ ಮಾತು ಒಂದೊಂದಾಗಿ ಕೇಳಿಸತೊಡಗಿದಾಗ ಯಂತ್ರವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಚೂಟಿ ಹೊರಬಂದು ಕರೆದದ್ದು ಅವರಿಗೆ ತಿಳಿಯಲಿಲ್ಲ. ಅವಳು ಕೂಗಲಿಲ್ಲ; ಭುಜ ತಟ್ಟಿದಳು.