ಐದು ಸಾವಿರದ ಒಂದು ರೂಪಾಯಿ ಯಾರದು?

ಮದುವೆಯಲ್ಲಿ ಆಯೇರಿಯನ್ನು, ಅಂದರೆ ಮುಯ್ಯಿಯನ್ನು, ಮೈಕಿನಲ್ಲಿ ಕೂಗುವುದು ರೊಕ್ಕ ಎಷ್ಟು ಬಂತೆಂದು ಹೇಳಲಿಕ್ಕಲ್ಲ, ಯಾರು ಬಂದರೆಂದು ಹೇಳಲಿಕ್ಕೆ. ಇದು ರಾಮದುರ್ಗದ ಎಮ್ಮೆಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರು ಇಬ್ಬರೇ: ಒಬ್ಬರು ಫೋನಿನಲ್ಲಿ ರೊಕ್ಕ ಕಳಿಸುವ ಠಣ್‌ಪೇ ಕಂಪನಿಯವರು, ಇನ್ನೊಬ್ಬ, ಆ ಕಂಪನಿಯ ‘ತಾಲೂಕು ಬೆಳವಣಿಗೆ ಪಾಲುದಾರ’ ಅಂದಾನೆಪ್ಪ.

(ಬೆಳವಣಿಗೆ ಪಾಲುದಾರ ಅಂದರೆ ಏನು ಅನ್ನುತ್ತೀರಾ? ಬೆಳವಣಿಗೆ ಕಂಪನಿಯದು, ಬಿಸಿಲು ಪಾಲುದಾರನದು. ಪಗಾರ? ಛೇ, ಪಾಲುದಾರರು ಎಲ್ಲಾದರೂ ಪಗಾರ ಕೇಳುತ್ತಾರೆಯೇ!)

ನಾಲ್ಕು ವರ್ಷದ ಹಿಂದೆ ಈ ಠಣ್‌ಪೇ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಸ್ಕ್ಯಾನರ್ ಚೀಟಿ ಹಿಡಿದು ಚಹಾದಂಗಡಿಯವರ ಕಾಲು ಹಿಡಿಯುತ್ತಿತ್ತು. ಚಹಾದಂಗಡಿಗೆ ಅಂಟಿತು, ಕಿತ್ತೂರಿನ ಬಳೆಗಾಡಿಗೆ ಅಂಟಿತು, ಸವದತ್ತಿಯ ತೆಂಗಿನಕಾಯಿ ಬುಟ್ಟಿಗೂ ಅಂಟಿತು. ಈಗ ಅದಕ್ಕೆ ಹನ್ನೊಂದು ಅಂತಸ್ತಿನ ಗಾಜಿನ ಮನೆ ಇದೆ. ಅಂಟಿಸಿದವರು ಯಾರು? ನಾವು. ಬಿಟ್ಟಿ. ಆ ಗಾಜಿನ ಮನೆಯ ಮೆಟ್ಟಿಲ ಮೇಲೆ ಒಂದು ಸಲವಾದರೂ ನಮ್ಮನ್ನು ಕೂಡ್ರಿಸಿ ನೀರು ಕೊಟ್ಟಿದ್ದಾರೆಯೇ?

ಅಂದಾನೆಪ್ಪನದು ರಾಮದುರ್ಗದಲ್ಲಿ ಝೆರಾಕ್ಸ್ ಅಂಗಡಿ. ಅವನ ಮಗಳು ಉಮಾಶ್ರೀಯ ಮದುವೆ ಗೊತ್ತಾದ ವಾರವೇ ಕಂಪನಿಯಿಂದ ಮೆಸೇಜು ಬಂತು: ಒಂದೇ ದಿನ, ಒಂದೇ ಚೀಟಿಗೆ ಮುನ್ನೂರು ಪಾವತಿ ತಂದ ಪಾಲುದಾರನಿಗೆ ಗೋವಾ ಪ್ರವಾಸ, ಎರಡು ರಾತ್ರಿ. ಅಂದಾನೆಪ್ಪ ಮದುವೆಯ ಆಮಂತ್ರಿತರನ್ನು ಎಣಿಸಿದ. ಮುನ್ನೂರಾ ನಲವತ್ತು! ಮಗಳ ಮದುವೆ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಆಯೇರಿ ಎಲ್ಲಾ ಸ್ಕ್ಯಾನರ್ ಮ್ಯಾಲ. ಮೈಕಿನ ಬುರಾನಸಾಬಗ ಹೇಳೇನಿ, ಅಂವ ಬರೇ ಹಾಡ ಹಚ್ಚಲಿ. ಕೂಗೂದು ನಮ್ಮ ಡಬ್ಬಿ ಕೂಗತೈತಿ.”

ಹೆಂಡತಿ ದುರ್ಗಾ ಲಟ್ಟಣಿಗೆ ಕೆಳಗಿಟ್ಟಳು. “ಡಬ್ಬಿ ಹೆಸರ ಹೇಳತೈತೇನ್ರಿ?”

“ಎಲ್ಲಾ ಹೇಳತೈತಿ.”

“ಎಲ್ಲಾ ಅಂದ್ರ?”

“ಎಲ್ಲಾ ಅಂದ್ರ ಎಲ್ಲಾ! ಇಡೀ ದೇಶ ನಡಸೂ ಡಬ್ಬಿಗೆ ನಿಮ್ಮಣ್ಣನ ಹೆಸರೇನ ಭಾರ ಆಗತೈತಿ?”

(ರೊಕ್ಕ ಬಿದ್ದಕೂಡಲೇ ಎಷ್ಟೆಂದು ಒದರುವ ಅದೇ ಡಬ್ಬಿ ಮೂರು ವರ್ಷದಿಂದ ಅವನ ಅಂಗಡಿಯಲ್ಲಿ ಕೂಗುತ್ತಿತ್ತು. ಒಂದು ದಿನವೂ ಒಬ್ಬರ ಹೆಸರು ಹೇಳಿರಲಿಲ್ಲ. ಅಂದಾನೆಪ್ಪನ ಕಿವಿಗೆ ಬಿದ್ದದ್ದು ರೊಕ್ಕವಷ್ಟೇ.)

ದುರ್ಗಾಳ ಜೀವವೆಲ್ಲ ಆ ಒಂದು ಹೆಸರಿನಲ್ಲಿತ್ತು. ಸಿರಸಂಗಿಯ ಅವಳ ಅಣ್ಣ ಮಲಕಾಜಪ್ಪ ಒಂಬತ್ತು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇವರ ಮಗ ಸಂಜುವಿನ ಜವಳದಲ್ಲಿ ಬೆಳ್ಳಿ ಕಡಗ ಹಾಕಿದ್ದ. ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಬಂದ ಮೇಲೆ ಕೂಗಲು ಎಲ್ಲರೂ ಮರೆತರು. ಈ ಸಲ ದುರ್ಗಾ ಮೂರು ಬಾರಿ ಸಿರಸಂಗಿಗೆ ಹೋಗಿ ಅತ್ತು ಕರೆದಿದ್ದಳು. ಮಲಕಾಜಪ್ಪ ಒಂದೇ ಕರಾರು ಹಾಕಿದ್ದ: “ನನ್ನ ಹೆಸರ ಕೂಗಬೇಕ. ಕರೆಂಟ್ ಹ್ವಾದ್ರ ಬಾಯಿಲೆ ಕೂಗಬೇಕ.”

“ಹೆಸರ ಬರಲಿಲ್ಲಂದ್ರ ಗೋವಾಕ್ಕ ನೀವೊಬ್ಬರ ಹೋಗ್ರಿ,” ಎಂದಳು ದುರ್ಗಾ. “ಹೋಗಿ ಅಲ್ಲೇ ಇರ್ರಿ.”

ಮದುವೆಯ ದಿನ ಮಲಕಾಜಪ್ಪ ಬಂದ. ಸೋದರಮಾವನಾಗಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತಂದ. ಅಕ್ಕಿಕಾಳು ಬಿದ್ದವು. ಆಯೇರಿ ಶುರುವಾಯಿತು.

“ಠಣ್! ನೂರಾ ಒಂದು ರೂಪಾಯಿ ಬಂದಿದೆ. ಠಣ್! ಎರಡು ನೂರಾ ಒಂದು ರೂಪಾಯಿ ಬಂದಿದೆ.”

“ಯಾರದಪಾ ಅದು?” ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. “ಡಬ್ಬಿದು!” ಎಂದು ಇನ್ನೊಬ್ಬರು.

ಸಾಲಹಳ್ಳಿಯ ಮುದುಕಿ ಶಟ್ಟೆವ್ವ ನೂರಾ ಒಂದು ರೂಪಾಯಿ ಕೈಯಲ್ಲಿ ಹಿಡಿದು ಬಂದಳು. ಡಬ್ಬಿಯ ಮುಂದೆ ಬಗ್ಗಿ, ಕೂಸಿಗೆ ಹೇಳಿದಂತೆ ಹೇಳಿದಳು: “ಸಾಲಹಳ್ಳಿ ಶಟ್ಟೆವ್ವ ಅನ್ನು ನನ್ನವ್ವ. ಅನ್ನು.” ಡಬ್ಬಿ ಅನ್ನಲಿಲ್ಲ. “ಅನ್ನೂತನಾ ಕೊಡೂದಿಲ್ಲ ತಗಿ,” ಎಂದು ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಆಗ ಮಲಕಾಜಪ್ಪ ಎದ್ದ. ಸೊಸೆಯ ಫೋನಿನಿಂದ ರೊಕ್ಕ ಹಾಕಿಸಿ, ತಲೆಯ ಪಟಗ ಸರಿಮಾಡಿಕೊಂಡು, ಮೀಸೆ ತೀಡಿ, ಮಂಟಪದ ಮುಂದೆ ಸೆಟೆದು ನಿಂತ.

“ಠಣ್! ಐದು ಸಾವಿರದ ಒಂದು ರೂಪಾಯಿ ಬಂದಿದೆ.”

ಮುಂದೆ? ಮುಂದೇನೂ ಇಲ್ಲ. ಒಂಬತ್ತು ವರ್ಷ ಕಾದ ಮನುಷ್ಯ ಇನ್ನೊಂದು ನಿಮಿಷ ಕಾದ. “ಠಣ್! ಐವತ್ತೊಂದು ರೂಪಾಯಿ ಬಂದಿದೆ.”

ದುರ್ಗಾ ಗಂಡನನ್ನು ನೋಡಿದಳು. ಆ ನೋಟಕ್ಕೆ ಅಂದಾನೆಪ್ಪನ ಕೈ ತಾನೇ ಓಡಿ ಬುರಾನಸಾಬನ ಮೈಕು ಕಸಿದುಕೊಂಡಿತು. ಗಾಬರಿಯಲ್ಲಿ, ಫೋನಿನಲ್ಲಿ ಕಂಡದ್ದನ್ನು ಕಂಡಹಾಗೆ ಓದಿಬಿಟ್ಟ: “ಐದು ಸಾವಿರದ ಒಂದು ಕೊಟ್ಟವರು... ರಾಣಿ ಲೇಡೀಜ್ ಟೇಲರ್ಸ್!”

ರಾಣಿ ಮಲಕಾಜಪ್ಪನ ಸೊಸೆ. ಹೊಲಿಗೆ ಅಂಗಡಿ ಅವಳದು, ಫೋನೂ ಅವಳದು. ಸಭೆ ನಕ್ಕಿತು. ಮೀಸೆಯ ಮೇಲಿನ ಕೈ ಮೀಸೆಯ ಮೇಲೆಯೇ ಉಳಿಯಿತು. ಮಲಕಾಜಪ್ಪ ಊಟ ಮಾಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಅದೇ ಕ್ಷಣಕ್ಕೆ ಕಂಪನಿಯ ಮೆಸೇಜು: ‘ನಿಮ್ಮ ಖಾತೆಯಲ್ಲಿ ಅಸಹಜ ಬೆಳವಣಿಗೆ ಕಂಡುಬಂದಿದೆ. ಪರಿಶೀಲನೆಗಾಗಿ ಖಾತೆಯನ್ನು ತಡೆಹಿಡಿಯಲಾಗಿದೆ.’ ಬೆಳೆಸು ಬೆಳೆಸು ಎಂದು ವರ್ಷಗಟ್ಟಲೆ ಬೆನ್ನು ಹತ್ತಿದವರು, ಬೆಳೆಸಿದೊಡನೆ ಕಳ್ಳ ಎಂದರು! ಅಂದಾನೆಪ್ಪ ಸಹಾಯವಾಣಿಗೆ ಫೋನು ಹಚ್ಚಿದ. ನಿಮ್ಮ ಕರೆ ಅಮೂಲ್ಯ, ಎಂದು ಒಂದು ಹೆಣ್ಣು ಯಂತ್ರ ಹಾಡಿತು. ಅಷ್ಟು ಅಮೂಲ್ಯವಾದದ್ದನ್ನು ಎತ್ತಲು ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

“ಫೋನ ಒಗೀರಿ ಬಾವ್ಯಾಗ!” ದುರ್ಗಾ ಸೆರಗು ಕಟ್ಟಿದಳು. “ಬುರಾನಸಾಬ ಅಣ್ಣಾ, ಗಾಡಿ ತಗಿ. ಮೈಕ್ ತುಗೊ. ಸಿರಸಂಗಿ ಬಸ್ ಬಿಡೂದ್ರಾಗ ಮುಟ್ಟಬೇಕ.”

“ಬರತೇನಿ ತಂಗಿ. ಡೀಸೆಲ್ಲಿಗೆ ರೊಕ್ಕ ಕೈಯಾಗ ಇಡ್ರಿ. ಠಣ್ ಗಿಣ್ ನಡಿಯಾಂಗಿಲ್ಲ.”

ಅಂದಾನೆಪ್ಪ ಜೇಬು ತಡಕಿದ. ಮೂರು ವರ್ಷದಿಂದ ಅದರಲ್ಲಿ ಒಂದು ನೋಟೂ ಮಲಗಿರಲಿಲ್ಲ. ಡಿಜಿಟಲ್ ಯುಗದ ತಾಲೂಕು ಧುರೀಣ ಮಗಳ ಮದುವೆಯ ದಿನ ಕೈಬೀಸಿಕೊಂಡು ನಿಂತಿದ್ದ. ಶಟ್ಟೆವ್ವ ಸೆರಗಿನ ಗಂಟು ಬಿಚ್ಚಿದಳು. “ತಗೋರಿ. ಆದ್ರ ಮೊದಲ ನನ್ನ ಹೆಸರ.”

ಬಸ್ ಸ್ಟ್ಯಾಂಡಿನಲ್ಲಿ ಮಲಕಾಜಪ್ಪ ಕಿಟಕಿಯ ಪಕ್ಕ ಮುಖ ತಿರುಗಿಸಿ ಕೂತಿದ್ದ. ಜರಿ ಧೋತರದ ಅಂದಾನೆಪ್ಪನನ್ನು ದುರ್ಗಾ ಬುರಾನಸಾಬನ ಟೆಂಪೋದ ಮೇಲೆ ಹತ್ತಿಸಿದಳು.

“ಸಾಲಹಳ್ಳಿ ಶಟ್ಟೆವ್ವ, ಮದುಮಗಳಿಗೆ ನೂರಾ ಒಂದು! ಸಿರಸಂಗಿ ಮಲಕಾಜಪ್ಪ, ಮದುಮಗಳ ಸೋದರಮಾವ, ಐದು ಸಾವಿರದ ಒಂದು!”

ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಮಲಕಾಜಪ್ಪ ಮಾತ್ರ ತಿರುಗಲಿಲ್ಲ. “ಬೆಳ್ಳಿ ಕಡಗ?” ಎಂದ, ಎದುರಿನ ಸೀಟಿಗೆ ಹೇಳುವವನಂತೆ.

“ಒಂಬತ್ತ ವರ್ಷದ ಹಿಂದ! ಸಂಜುನ ಜವಳದಾಗ! ಇದ ಮಲಕಾಜಪ್ಪಾರು! ಬೆಳ್ಳಿ ಕಡಗ!”

“ಹಿಂದಿನ ಸೀಟಿನವರಿಗೆ ಕೇಳಿಲ್ಲ.”

“ಬೆಳ್ಳಿ ಕಡಗಾ!”

“ಕೇಳೇತಿ, ಇಳೀಯಪಾ ಯಜಮಾನಾ, ಬಸ್ ಬಿಡಬೇಕ!” ಎಂದು ಕಂಡಕ್ಟರ್ ಒದರಿದ. ಮಲಕಾಜಪ್ಪ ಇಳಿದ. ತಂಗಿಯ ಮುಖ ನೋಡಿದ. “ಊಟಕ್ಕ ಏನ ಮಾಡೀರಿ?” ಎಂದ. “ಹೋಳಿಗಿ,” ಎಂದಳು ದುರ್ಗಾ, ಅಳುತ್ತಲೇ.

ಕಥೆ ಇಲ್ಲಿಗೆ ಮುಗಿದರೆ ಅಂದಾನೆಪ್ಪ ಬಚಾವಾಗುತ್ತಿದ್ದ. ಮಂಟಪಕ್ಕೆ ಮರಳಿದರೆ ಇನ್ನುಳಿದವರೆಲ್ಲ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಸಾಲಾಗಿ ಕೂತಿದ್ದರು. “ಅವರದು ಕೂಗೀರಿ, ನಮ್ಮದು?” ಒಬ್ಬೊಬ್ಬರ ಹೆಸರೂ ಕೇಳಿ, ಊರೂ ಕೇಳಿ, ಇನ್ನೂರಾ ಹನ್ನೊಂದು ಜನರದ್ದು ಅವನೇ ಕೂಗಿದ. ಸಂಜೆಯ ಹೊತ್ತಿಗೆ ಗಂಟಲು ಪೂರ್ತಿ ಕೂತುಹೋಯಿತು.

ಆಗಲೇ ಕಂಪನಿಯ ಕರೆ ಬಂತು. “ನಿಮ್ಮ ಖಾತೆ ಬಿಡುಗಡೆಗೊಳಿಸಲು ದಯವಿಟ್ಟು ನಿಮ್ಮ ಹೆಸರು ಹೇಳಿ,” ಎಂದಿತು ಯಂತ್ರ.

ಅಂದಾನೆಪ್ಪ ಬಾಯಿ ತೆರೆದ. ಗಾಳಿ ಬಂತು.

“ಹೆಸರು ಕೇಳಿಸಲಿಲ್ಲ. ಧನ್ಯವಾದ.” ಠಣ್.

ದುರ್ಗಾ ನಗಲಿಲ್ಲ. ಬಿಸಿನೀರು ತಂದು ಮುಂದಿಟ್ಟಳು. “ಈಗ ಗೊತ್ತಾತೇನ್ರಿ?” ಎಂದಳು, ಅಷ್ಟೇ.

ನಿಮಗೆ ಗೊತ್ತಾಯಿತೇ? ನಿಮ್ಮ ಮನೆಯ ಕಾರ್ಯಕ್ಕೂ ಯಾರೋ ಬಂದಿದ್ದರು. ಒಂದು ಠಣ್ ಆಗಿ, ಹೆಸರಿಲ್ಲದೆ ಹೊರಟುಹೋದರು. ಅದು ಯಾರೆಂದು ನಿಮಗೆ ಗೊತ್ತಿದೆ, ಇಲ್ಲವೆನ್ನಬೇಡಿ. ಈ ಹಾಳೆಯನ್ನು ಮಡಚಿ ಪಕ್ಕಕ್ಕಿಡಿ. ಎದ್ದು ಅವರ ಓಣಿಗೆ ಹೋಗಿ. ಅವರ ಹೆಸರು ಹಿಡಿದು ಕೂಗಿ, ಹಿಂದಿನ ಸೀಟಿನವರಿಗೂ ಕೇಳುವಂತೆ.